‘ಕೂ’ ಬೇರಿಲ್ಲದ ಹೂವೇ?

ಕಾಗೆಗೆ ‘ಕಾಕ’ ಎಂಬ ಹೆಸರು ಬಂದದ್ದು ಅದರ ಕೂಗಿನಿಂದಲೇ ಎಂದು ಪ್ರಾಚೀನ ಪಂಡಿತ ಯಾಸ್ಕ ವೇದದ ಪದಗಳ ಮೂಲವನ್ನು ವಿವರಿಸುವ ತನ್ನ ನಿರುಕ್ತದಲ್ಲಿ ಹೇಳುತ್ತಾನೆ. ಅದಕ್ಕೆ ಅವನು ಬಳಸುವ ಮಾತು ‘ಶಬ್ದಾನುಕೃತಿ’, ಅಂದರೆ ಸದ್ದಿನ ಅನುಕರಣೆ. ಹಕ್ಕಿಗಳ ಹೆಸರುಗಳಲ್ಲಿ ಇದು ಧಾರಾಳವಾಗಿ ಕಾಣುತ್ತದೆ ಎಂದೂ ಸೇರಿಸುತ್ತಾನೆ. ಆದರೆ ಅಲ್ಲೇ ಔಪಮನ್ಯವ ಎಂಬ ಪಂಡಿತನ ತಕರಾರನ್ನೂ ದಾಖಲಿಸುತ್ತಾನೆ: ಶಬ್ದಾನುಕೃತಿ ಎಂಬುದೇ ಇಲ್ಲ, ‘ಅಟ್ಟಿ ಓಡಿಸಬೇಕಾದದ್ದು’ ಎಂಬ ಅರ್ಥದ ಧಾತುವಿನಿಂದ ‘ಕಾಕ’ ಬಂದಿದೆ. ಕಾಗೆಯ ಕಿರುಚಾಟವನ್ನು ಕೇಳಿಯೂ ಹೀಗೆ ವಾದಿಸಿದ ಔಪಮನ್ಯವನ ಧೈರ್ಯವನ್ನು ಮೆಚ್ಚಲೇಬೇಕು. ಪದ ಎಂದ ಮೇಲೆ ಅದಕ್ಕೊಂದು ಧಾತು ಇರಬೇಕು, ಪ್ರಾಣಿಯ ಸದ್ದನ್ನು ಹಾಗೆಯೇ ಎತ್ತಿಕೊಂಡರೆ ಅದು ಪದವಾಗುವುದಿಲ್ಲ ಎಂಬ ಹಟ ಅದರ ಹಿಂದಿದೆ.

ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕಳೆದ ಮೇಲೆ ಅದೇ ಹಟ ಲಂಡನ್ನಿನಲ್ಲಿ ತಲೆ ಎತ್ತಿತು. ಸಾಯಣಭಾಷ್ಯದೊಂದಿಗೆ ಋಗ್ವೇದವನ್ನು ಸಂಪಾದಿಸಿ ಅಚ್ಚು ಹಾಕಿಸಿದ ಮ್ಯಾಕ್ಸ್ ಮುಲ್ಲರ್ 1861ರಲ್ಲಿ ಅಲ್ಲಿ ಭಾಷಾವಿಜ್ಞಾನದ ಮೇಲೆ ಉಪನ್ಯಾಸಗಳನ್ನು ಕೊಟ್ಟ. ಮನುಷ್ಯ ಪ್ರಾಣಿಗಳ ಕೂಗನ್ನು ಅನುಕರಿಸಿ ಮಾತು ಕಲಿತ ಎಂಬ ವಾದ ಆಗ ಚಾಲ್ತಿಯಲ್ಲಿತ್ತು. 1772ರಲ್ಲೇ ಜರ್ಮನಿಯ ಚಿಂತಕ ಹರ್ಡರ್ ಕುರಿಯ ಉದಾಹರಣೆ ಕೊಟ್ಟಿದ್ದ: ಕುರಿ ಬ್ಯಾ ಎನ್ನುತ್ತದೆ, ಮುಂದಿನ ಸಲ ಅದನ್ನು ಕಂಡ ಮನುಷ್ಯ ‘ಓಹೋ, ಬ್ಯಾ ಎನ್ನುವುದು ನೀನೇ’ ಎಂದು ಗುರುತಿಸುತ್ತಾನೆ, ಅಲ್ಲಿಗೆ ಹೆಸರು ಹುಟ್ಟಿತು. ಮುಲ್ಲರ್ ಇದನ್ನು ‘ಬೌ ಬೌ ವಾದ’ ಎಂದು ಗೇಲಿ ಮಾಡಿದ. ಅವನು ಉದಾಹರಣೆಯಾಗಿ ಎತ್ತಿಕೊಂಡ ಪದಗಳಲ್ಲಿ ಯುರೋಪಿನ ಕೋಗಿಲೆಯ ಹೆಸರಾದ ‘ಕುಕ್ಕೂ’ ಕೂಡ ಒಂದು. ಇಂತಹ ಪದಗಳು ಬೇರಿಲ್ಲದ ಕೃತಕ ಹೂವುಗಳು, ಅವು ಬಂಜೆ, ತಾವು ಅನುಕರಿಸುವ ಒಂದೇ ಒಂದು ವಸ್ತುವನ್ನು ಬಿಟ್ಟು ಬೇರೇನನ್ನೂ ಅವು ಹೇಳಲಾರವು ಎಂಬುದು ಅವನ ತೀರ್ಪು.

ಮಾತಿನ ಹುಟ್ಟಿನ ದೊಡ್ಡ ಪ್ರಶ್ನೆಯನ್ನು ಬದಿಗಿಡೋಣ. ‘ಬಂಜೆ’ ಎಂಬ ಆರೋಪವನ್ನು ಮಾತ್ರ ಪರೀಕ್ಷಿಸಬಹುದು, ಅದೂ ಮುಲ್ಲರ್ ಆರಿಸಿಕೊಂಡ ಪದದ ಮೇಲೆಯೇ. ‘ಕೂ’ ಎಂಬ ಸದ್ದು ಬೇರೆ ಬೇರೆ ಭಾಷೆಗಳಲ್ಲಿ ಏನೇನಾಗಿದೆ ಎಂದು ನೋಡಿದರೆ ಮುಲ್ಲರ್ ಸೋಲುತ್ತಾನೆ ಎಂಬುದು ನನ್ನ ಎಣಿಕೆ.

ಮೊದಲಿಗೆ ಒಂದು ಸಣ್ಣ ಸತ್ಯ: ಕೋಗಿಲೆ ‘ಕೂ’ ಎನ್ನುವುದೇ ಇಲ್ಲ. ‘ಕ’ಕಾರ ಹೊರಡಬೇಕಾದರೆ ನಾಲಿಗೆಯ ಹಿಂಭಾಗ ಮೇಲೆದ್ದು ಅಂಗುಳಿನ ಹಿಂಭಾಗವನ್ನು ತಾಕಬೇಕು, ‘ಊ’ಕಾರಕ್ಕೆ ತುಟಿ ದುಂಡಗಾಗಬೇಕು. ಹಕ್ಕಿಗೆ ತುಟಿಯೇ ಇಲ್ಲ. ಅದರ ಧ್ವನಿ ಹುಟ್ಟುವುದು ಶ್ವಾಸನಾಳದ ಬುಡದಲ್ಲಿ, ನಾಳ ಎರಡಾಗಿ ಒಡೆಯುವ ಜಾಗದಲ್ಲಿರುವ ‘ಸಿರಿಂಕ್ಸ್’ ಎಂಬ ಅಂಗದಲ್ಲಿ. ಅಲ್ಲಿಂದ ಹೊರಡುವುದು ಸೀಟಿಯಂತಹ ನಯವಾದ ಸ್ವರ. ಆ ಸ್ವರಕ್ಕೆ ನಮ್ಮ ಬಾಯಲ್ಲಿ ತೀರ ಹತ್ತಿರವಾದದ್ದು ‘ಊ’. ಸ್ವರ ತಟಕ್ಕನೆ ಶುರುವಾಗುವುದನ್ನು ತೋರಿಸಲು ನಾವು ಮುಂದೆ ಒಂದು ‘ಕ’ ಸೇರಿಸುತ್ತೇವೆ. ಅಂದರೆ ಅನುಕರಣ ಪದ ಸದ್ದಿನ ಧ್ವನಿಮುದ್ರಣವಲ್ಲ. ಕಿವಿ ಕೇಳಿದ್ದನ್ನು ಭಾಷೆ ತನ್ನಲ್ಲಿರುವ ಅಕ್ಷರಗಳಿಗೆ ಒಗ್ಗಿಸಿಕೊಂಡಾಗ ಸಿಗುವ ರೂಪ ಅದು. ಕೋಳಿಯ ಕೂಗು ಕನ್ನಡಕ್ಕೆ ‘ಕೊಕ್ಕೊಕೋ’, ಜರ್ಮನ್ನರಿಗೆ ‘ಕಿಕೆರಿಕಿ’, ಫ್ರೆಂಚರಿಗೆ ‘ಕೊಕೊರಿಕೋ’, ರಷ್ಯನ್ನರಿಗೆ ‘ಕುಕರೆಕು’, ಇಂಗ್ಲಿಷರಿಗೆ ‘ಕಾಕ್ ಎ ಡೂಡಲ್ ಡೂ’ ಎಂದು ಕೇಳಿಸುವುದಕ್ಕೆ ಕಾರಣ ಇದೇ. ಆಯಾ ದೇಶದ ಹುಂಜಗಳೇನೂ ಬೇರೆ ಬೇರೆ ಭಾಷೆ ಕಲಿತಿಲ್ಲ.

ಭಾರತದ ಗಂಡು ಕೋಗಿಲೆಯ ಕೂಗಿನಲ್ಲಿ ದನಿ ಮೇಲಕ್ಕೇರುತ್ತದೆ, ಒಂದಾದ ಮೇಲೊಂದು ಕೂಗು ಇನ್ನೂ ಮೇಲಿನ ಶ್ರುತಿಗೆ ಹೋಗುತ್ತದೆ. ಯುರೋಪಿನ ಕುಕ್ಕೂ ಹಕ್ಕಿಯದು ತದ್ವಿರುದ್ಧ, ಅದರ ಎರಡನೆಯ ಸ್ವರ ಕೆಳಕ್ಕಿಳಿಯುತ್ತದೆ. ಹೀಗಿದ್ದೂ ಎರಡೂ ಕಡೆಯ ಜನ ಎತ್ತಿಕೊಂಡ ಅಕ್ಷರ ಒಂದೇ. ಪದಕ್ಕೆ ರಾಗದ ಏರಿಳಿತ ಬೇಡ. ಸ್ವರದ ಬಣ್ಣವೊಂದು ಸಿಕ್ಕರೆ ಅದಕ್ಕೆ ಸಾಕು.

ಇದೇ ಕುಟುಂಬದ ಇನ್ನೆರಡು ಹಕ್ಕಿಗಳ ವಿಷಯದಲ್ಲಿ ಜನ ಒಂದು ಹೆಜ್ಜೆ ಮುಂದೆ ಹೋಗಿ ಕೂಗಿನೊಳಗೆ ಇಡೀ ವಾಕ್ಯವನ್ನೇ ಕೇಳಿದ್ದಾರೆ. ಒಂದರ ಕೂಗು ಹಿಂದಿಯಲ್ಲಿ ‘ಪೀ ಕಹಾಂ’, ನಲ್ಲ ಎಲ್ಲಿ ಎಂಬ ವಿರಹದ ಪ್ರಶ್ನೆ. ಮರಾಠಿಯಲ್ಲಿ ಅದೇ ಕೂಗು ‘ಪಾವಸ್ ಆಲಾ’, ಮಳೆ ಬಂತು. ಬಂಗಾಳಿಯಲ್ಲಿ ‘ಚೋಖ್ ಗೆಲೋ’, ಕಣ್ಣು ಹೋಯಿತು. ಬೇಸಿಗೆಯ ರಾತ್ರಿಗಳಲ್ಲಿ ನಿದ್ದೆಗೆಟ್ಟ ಬ್ರಿಟಿಷರಿಗೆ ಅದು ‘ಬ್ರೈನ್ ಫೀವರ್’ ಎಂದು ಕೇಳಿಸಿ, ಹಕ್ಕಿಗೆ ಅದೇ ಹೆಸರಾಗಿ ನಿಂತಿತು. ಇನ್ನೊಂದು ಹಕ್ಕಿಯ ನಾಲ್ಕು ಸ್ವರದ ಕೂಗು ಬಂಗಾಳಿಗಳಿಗೆ ‘ಬೌ ಕಥಾ ಕವೋ’, ವಧುವೇ ಮಾತಾಡು ಎಂಬ ಬೇಡಿಕೆ. ಹಕ್ಕಿ ಕೂಗಿದ್ದು ತನ್ನ ಸಂಗಾತಿಗಾಗಿ, ತನ್ನ ಎಲ್ಲೆಯನ್ನು ಸಾರುವುದಕ್ಕಾಗಿ. ಕೇಳಿದವರು ತುಂಬಿದ್ದು ತಮ್ಮ ತಮ್ಮ ಸಂಕಟವನ್ನು.

ಈಗ ಹೆಸರಿಗೆ ಬರೋಣ. ಸಂಸ್ಕೃತದ ಕೋಕಿಲ, ಕನ್ನಡದ ಕೋಗಿಲೆ, ತಮಿಳು ಮತ್ತು ಮಲಯಾಳದ ಕುಯಿಲ್, ತೆಲುಗಿನ ಕೋಯಿಲ, ಹಿಂದಿಯ ಕೋಯಲ್. ಅತ್ತ ಗ್ರೀಕಿನ ಕೊಕ್ಕಿಕ್ಸ್, ಲ್ಯಾಟಿನ್ನಿನ ಕುಕುಲಸ್, ಫ್ರೆಂಚಿನ ಕೂಕೂ, ಜರ್ಮನ್ನಿನ ಕುಕುಕ್, ರಷ್ಯನ್ನಿನ ಕುಕುಷ್ಕ, ಹಂಗೇರಿಯನ್ನಿನ ಕಕುಕ್, ಜಪಾನಿಯ ಕಕ್ಕೋ. ಇವುಗಳಲ್ಲಿ ಕೆಲವು ಒಂದರಿಂದ ಒಂದು ಎರವಲು ಪಡೆದಿರಬಹುದು, ಆದರೆ ಹಂಗೇರಿಯನ್ನಿಗೂ ಜಪಾನಿಗೂ ತಮಿಳಿಗೂ ನಂಟು ಹುಡುಕುವ ಅಗತ್ಯವಿಲ್ಲ. ಹಕ್ಕಿಯೇ ಊರೂರಿಗೆ ಹೋಗಿ ತನ್ನ ಹೆಸರನ್ನು ಹೇಳಿಕೊಟ್ಟಿದೆ. ಅಮರಕೋಶದಲ್ಲಿ ಕಾಗೆಯ ಪರ್ಯಾಯ ಪದಗಳಲ್ಲಿ ‘ಆತ್ಮಘೋಷ’ ಎಂಬುದೊಂದಿದೆ: ತನ್ನನ್ನು ತಾನೇ ಘೋಷಿಸಿಕೊಳ್ಳುವುದು. ಶಬ್ದಾನುಕೃತಿಯಿಂದ ಹೆಸರು ಪಡೆದ ಪ್ರಾಣಿಗೆ ಇದಕ್ಕಿಂತ ಚೊಕ್ಕವಾದ ವಿವರಣೆಯನ್ನು ನಾನು ಕಂಡಿಲ್ಲ.

ಅದೇ ಪಟ್ಟಿಯಲ್ಲಿ ಇನ್ನೊಂದು ಸೊಗಸಿದೆ. ಕಾಗೆ ‘ಪರಭೃತ್’, ಪರರನ್ನು ಸಾಕುವುದು; ಕೋಗಿಲೆ ‘ಪರಭೃತ’, ಪರರಿಂದ ಸಾಕಲ್ಪಟ್ಟದ್ದು. ಮೋಸ ಹೋದವರಿಗೂ ಮೋಸದ ಫಲ ಉಂಡವರಿಗೂ ನಡುವೆ ಒಂದು ಅಕಾರದ ಅಂತರ. ಹಾಡುವ ಕೋಗಿಲೆಯನ್ನು ಹೆಣ್ಣೆಂದು ಭಾವಿಸಿ ಗಾಯಕಿಯರಿಗೆ ‘ಗಾನಕೋಗಿಲೆ’ ಎಂಬ ಬಿರುದು ಕೊಡುವ ರೂಢಿ ನಮ್ಮಲ್ಲಿದೆ. ‘ಕುಹೂ’ ಎಂದು ಹಾಡುವುದು ಗಂಡು. ಹೆಣ್ಣಿನದು ‘ಕಿಕ್ ಕಿಕ್ ಕಿಕ್’ ಎಂಬ ಕರ್ಕಶವಾದ ಚೀರು. ಬಿರುದು ಕೊಡುವವರು ಇದನ್ನು ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ, ಬಿಡಿ.

ಇಲ್ಲಿಯವರೆಗೆ ಮುಲ್ಲರನಿಗೂ ತಕರಾರಿಲ್ಲ. ಹಕ್ಕಿಯ ಸದ್ದು ಹಕ್ಕಿಯ ಹೆಸರಾಯಿತು, ಅಷ್ಟಕ್ಕೇ ನಿಂತಿತು ಎನ್ನುತ್ತಾನೆ ಅವನು. ನಿಂತಿತೇ?

ಕನ್ನಡದ ‘ಕೂಗು’ ಎಂಬ ಪದವನ್ನು ನೋಡಿ. ತಮಿಳಿನ ಕೂವು, ತೆಲುಗಿನ ಕೂಯು, ಮಲಯಾಳದ ಕೂವುಕ ಇವೆಲ್ಲ ಅದರ ದಾಯಾದಿಗಳು. ಎಲ್ಲದರ ಬುಡದಲ್ಲಿರುವುದು ‘ಕೂ’ ಎಂಬ ಅನುಕರಣೆ. ಕೋಳಿ ಕೂಗುತ್ತದೆ, ಕೋಗಿಲೆ ಕೂಗುತ್ತದೆ, ಅದು ಸರಿಯೇ. ಮುಂದೆ ಮನುಷ್ಯನೂ ಕೂಗುತ್ತಾನೆ, ರೈಲೂ ಕೂಗುತ್ತದೆ. ಹರಾಜಿನಲ್ಲಿ ಬೆಲೆ ಕೂಗುತ್ತಾರೆ, ಅಲ್ಲಿ ಕೂಗುವುದೆಂದರೆ ಹಣ ಕೊಡುವ ಒಪ್ಪಂದ. ಪಿಸುದನಿಯಲ್ಲಿ ಹೇಳಿದರೂ, ಕೈ ಎತ್ತಿ ತೋರಿಸಿದರೂ ಅದು ‘ಕೂಗಿದ’ ಬೆಲೆಯೇ. ಪತ್ರಿಕೆಯಲ್ಲಿ ‘ಪ್ರತ್ಯೇಕ ರಾಜ್ಯದ ಕೂಗು ಮತ್ತೆ ಎದ್ದಿದೆ’ ಎಂದು ಓದುತ್ತೇವೆ. ಅಲ್ಲಿ ಯಾರೂ ಗಂಟಲು ಹರಿದುಕೊಂಡಿರಬೇಕಾಗಿಲ್ಲ, ಮನವಿಪತ್ರ ಕೊಟ್ಟಿದ್ದರೂ ಸಾಕು. ‘ಅಂತರಾತ್ಮದ ಕೂಗು’ ಎಂದಾಗಲಂತೂ ಸದ್ದೇ ಇಲ್ಲ. ಸದ್ದಿನಿಂದ ಹುಟ್ಟಿದ ಪದ ಸದ್ದನ್ನು ಸಂಪೂರ್ಣವಾಗಿ ಕಳಚಿಕೊಂಡು ಬೇಡಿಕೆ, ಹಂಬಲ, ಒಪ್ಪಂದಗಳನ್ನು ಹೇಳುವ ಮಟ್ಟಕ್ಕೆ ಬೆಳೆದಿದೆ. ಬಂಜೆಯ ಲಕ್ಷಣ ಇದಲ್ಲ.

‘ಕೂಗಳತೆ’ಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಲ್ಲಿಂದ ಕೂಗಿದರೆ ಅಲ್ಲಿಗೆ ಕೇಳಿಸುವಷ್ಟು ದೂರ ಎಂದರ್ಥ. ಸದ್ದು ಇಲ್ಲಿ ಅಳತೆಗೋಲಾಗಿದೆ. ತೆಲುಗಿನವರು ಇದನ್ನೇ ‘ಕೂತವೇಟು ದೂರಂ’ ಎನ್ನುತ್ತಾರೆ, ತಮಿಳರು ‘ಕೂಪ್ಪಿಡು ದೂರಂ’ ಎನ್ನುತ್ತಾರೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಭಾಷೆಗಳಲ್ಲೊಂದಾದ ಧರುಗ್‌ನಲ್ಲಿ ಕಾಡಿನೊಳಗೆ ಒಬ್ಬರನ್ನೊಬ್ಬರು ಕರೆಯುವ ಕೂಗು ‘ಕೂಈ’. ಅಲ್ಲಿಗೆ ಬಂದು ನೆಲೆಸಿದ ಇಂಗ್ಲಿಷರು ಅದನ್ನು ಎತ್ತಿಕೊಂಡರು; ಈಗ ಆಸ್ಟ್ರೇಲಿಯಾದ ಇಂಗ್ಲಿಷಿನಲ್ಲಿ ‘ಕೂಈಯೊಳಗೆ’ ಎಂದರೆ ಹತ್ತಿರದಲ್ಲಿ ಎಂದೇ ಅರ್ಥ. ಕನ್ನಡದ ಕೂಗಳತೆಗೂ ಅದಕ್ಕೂ ಯಾವ ನಂಟೂ ಇಲ್ಲ, ಆದರೂ ಸದ್ದೂ ಒಂದೇ, ಅರ್ಥವೂ ಒಂದೇ. ಸಂಸ್ಕೃತದಲ್ಲಿ ‘ಕ್ರುಶ್’ ಎಂದರೆ ಅರಚು; ಅದರಿಂದ ಬಂದ ‘ಕ್ರೋಷ್ಟೃ’ ಎಂದರೆ ನರಿ, ಊಳಿಡುವ ಪ್ರಾಣಿ; ಅದೇ ಧಾತುವಿನ ‘ಕ್ರೋಶ’ ದೂರದ ಅಳತೆ. ಹಿಂದಿಯಲ್ಲಿ ಅದು ಕೋಸ್ ಆಯಿತು. ಕಾಲ ಮತ್ತು ಪ್ರಾಂತ್ಯಕ್ಕೆ ತಕ್ಕಂತೆ ಬದಲಾಗುತ್ತಿದ್ದರೂ ಒಂದು ಕೋಸ್ ಎಂದರೆ ಸುಮಾರು ಎರಡು ಮೈಲಿ. ಎರಡು ಮೈಲಿ ಕೇಳಿಸುವ ಗಂಟಲು ಯಾರಿಗೂ ಇರಲಾರದು. ಅಷ್ಟು ಹೊತ್ತಿಗೆ ಪದ ತನ್ನ ಹುಟ್ಟನ್ನು ಮರೆತಾಗಿತ್ತು.

ಕೂಗು ಒಂದೇ ಅಲ್ಲ. ನಾಯಿಯ ‘ಬೊಗಳು’ ಮನುಷ್ಯನ ಬಾಯಿಗೆ ಬಂದಾಗ ಬೈಗುಳವಾಗುತ್ತದೆ. ಕಪ್ಪೆಯ ‘ವಟವಟ’ಕ್ಕೆ ‘ಗುಟ್ಟು’ ಸೇರಿ ‘ವಟಗುಟ್ಟು’ ಆದ ಮೇಲೆ ಅದು ಸುಮ್ಮನಿರಲಾರದವರ ಗುಣವಾಯಿತು. ಸದ್ದನ್ನು ಎರಡು ಸಲ ಹೇಳಿದರೆ ಅನುಕರಣಾವ್ಯಯ, ಒಂದು ಪ್ರತ್ಯಯ ಸೇರಿಸಿದರೆ ಕ್ರಿಯಾಪದ, ಅದನ್ನು ಮನುಷ್ಯರಿಗೆ ಅನ್ವಯಿಸಿದರೆ ಟೀಕೆ. ಕನ್ನಡ ಈ ಮೂರು ಮೆಟ್ಟಿಲನ್ನು ಸರಾಗವಾಗಿ ಹತ್ತುತ್ತದೆ.

ಯುರೋಪಿನಲ್ಲಿ ‘ಕುಕ್ಕೂ’ ಹಿಡಿದ ದಾರಿಗಳು ಇನ್ನೂ ವಿಚಿತ್ರ. ಪರರ ಗೂಡಿನಲ್ಲಿ ಮೊಟ್ಟೆಯಿಡುವ ಚಾಳಿಯಿಂದಾಗಿ ಹಳೆಯ ಫ್ರೆಂಚಿನಲ್ಲಿ ಹಕ್ಕಿಯ ಹೆಸರಿನಿಂದ ಒಂದು ಬೈಗುಳ ಹುಟ್ಟಿತು: ಹೆಂಡತಿಯಿಂದ ವಂಚಿತನಾದ ಗಂಡ. ಇಂಗ್ಲಿಷಿನ ‘ಕಕೋಲ್ಡ್’ ಅಲ್ಲಿಂದ ಬಂದದ್ದು. ನ್ಯಾಯವಾಗಿ ನೋಡಿದರೆ ಕೋಗಿಲೆಯ ಹೆಸರು ಸಲ್ಲಬೇಕಾದದ್ದು ಮೋಸ ಮಾಡಿದವನಿಗೆ. ಮೋಸ ಹೋದವನು ಕಾಗೆಯ ಸ್ಥಾನದಲ್ಲಿದ್ದಾನೆ. ಸಂಸ್ಕೃತ ಒಂದು ಅಕಾರದಲ್ಲಿ ಕಾಪಾಡಿಕೊಂಡ ಭೇದವನ್ನು ಫ್ರೆಂಚ್ ಕಲಸಿಬಿಟ್ಟಿತು. ಇಂದಿನ ಫ್ರೆಂಚಿನಲ್ಲಿ ‘ಕೂಕೂ’ ಎಂದರೆ ಆಪ್ತರಿಗೆ ಹೇಳುವ ನಮಸ್ಕಾರ, ಮಗುವಿನೊಂದಿಗೆ ಮುಖ ಮುಚ್ಚಿ ತೆರೆದು ಆಡುವಾಗಿನ ಉದ್ಗಾರ, ಜೊತೆಗೆ ವಸಂತದಲ್ಲಿ ಅರಳುವ ಒಂದು ಹಳದಿ ಹೂವಿನ ಹೆಸರು. ಇಂಗ್ಲಿಷಿನಲ್ಲಿ ‘ಕುಕ್ಕೂ’ ಎಂದರೆ ತಲೆಕೆಟ್ಟವನು. ಜರ್ಮನ್ನರು ದೆವ್ವದ ಹೆಸರೆತ್ತಲು ಹೆದರಿ ಆ ಜಾಗದಲ್ಲಿ ‘ಕುಕುಕ್’ ಎನ್ನುತ್ತಾರೆ. ‘ಅದು ಕುಕುಕ್‌ಗೇ ಗೊತ್ತು’ ಎಂದರೆ ದೇವರಿಗೇ ಗೊತ್ತು ಎಂದ ಹಾಗೆ. ಸಾಲಗಾರನ ಸಾಮಾನನ್ನು ಜಪ್ತಿ ಮಾಡಿ ಅಂಟಿಸುವ ಸರ್ಕಾರಿ ಮುದ್ರೆಗೂ ಅವರಲ್ಲಿ ಅದೇ ಹೆಸರು. ಮುದ್ರೆಯ ಮೇಲಿದ್ದ ಗಾಂಭೀರ್ಯದ ಹದ್ದನ್ನು ಜನ ಕೋಗಿಲೆ ಎಂದು ಲೇವಡಿ ಮಾಡಿದ್ದು ಹಾಗೆಯೇ ಉಳಿಯಿತು.

ಗ್ರೀಕ್ ನಾಟಕಕಾರ ಅರಿಸ್ಟೋಫನೀಸ್ ಕ್ರಿ.ಪೂ. 414ರಲ್ಲಿ ಆಡಿಸಿದ ಪ್ರಹಸನವೊಂದರಲ್ಲಿ ಹಕ್ಕಿಗಳು ಆಕಾಶದಲ್ಲಿ ಒಂದು ನಗರ ಕಟ್ಟುತ್ತವೆ. ಅದರ ಹೆಸರು ‘ನೆಫೆಲೊಕೊಕ್ಕಿಗಿಯ’, ಮೋಡ ಮತ್ತು ಕೋಗಿಲೆ ಸೇರಿದ ಊರು. ಇಂದಿಗೂ ಇಂಗ್ಲಿಷಿನಲ್ಲಿ, ಜರ್ಮನ್ನಿನಲ್ಲಿ ಆಗದ ಹೋಗದ ಯೋಜನೆ ಹಾಕುವವರನ್ನು ಆ ಊರಿನ ನಿವಾಸಿಗಳೆಂದೇ ಆಡಿಕೊಳ್ಳುತ್ತಾರೆ. ಇಷ್ಟೆಲ್ಲದಕ್ಕೂ ಕಲಶವಿಟ್ಟಂತೆ, ಬೆನ್ನೆಲುಬಿನ ಕಂಬದ ಕಟ್ಟಕಡೆಯ ಮೂಳೆಗೆ ಗ್ರೀಕ್ ವೈದ್ಯರು ಕೋಗಿಲೆಯ ಹೆಸರನ್ನೇ ಇಟ್ಟರು. ಮೂರರಿಂದ ಐದು ಪುಟ್ಟ ಕಶೇರುಗಳು ಬೆಸೆದುಕೊಂಡು ಮುಂದಕ್ಕೆ ಬಾಗಿದ ಆ ಮೂಳೆ ಅವರಿಗೆ ಕೊಕ್ಕಿಕ್ಸ್ ಹಕ್ಕಿಯ ಕೊಕ್ಕಿನಂತೆ ಕಂಡಿತು. ವೈದ್ಯಕೀಯದಲ್ಲಿ ಅದು ಈಗಲೂ ‘ಕಾಕ್ಸಿಕ್ಸ್’. ಜಾರಿ ಬಿದ್ದು ಅಂಡು ನೋಯಿಸಿಕೊಂಡವರ ವೈದ್ಯಕೀಯ ವರದಿಯಲ್ಲಿ ವಸಂತದ ಹಕ್ಕಿಯೊಂದರ ಕೂಗು ಅಡಗಿದೆ. ಅನುಕರಿಸಿದ ವಸ್ತುವಿನಿಂದ ಇದಕ್ಕಿಂತ ದೂರ ಹೋದ ಪದ ಯಾವುದಿದ್ದೀತು?

ಆದರೆ ಮುಲ್ಲರ್ ಸಂಪೂರ್ಣ ತಪ್ಪು ಎನ್ನುವ ಹಾಗಿಲ್ಲ. ಅನುಕರಣ ಪದಗಳು ಭಾಷೆಯೊಳಗಿದ್ದೂ ಅದರ ನಿಯಮಗಳಿಗೆ ಪೂರ್ತಿಯಾಗಿ ಬಗ್ಗುವುದಿಲ್ಲ, ಈ ಪರಕೀಯತೆ ಅವನಿಗೆ ಚೆನ್ನಾಗಿ ಕಂಡಿತ್ತು. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಹಳಗನ್ನಡದಿಂದ ನಡುಗನ್ನಡಕ್ಕೆ ಬರುವಾಗ ಪದದ ಮೊದಲ ‘ಪ’ಕಾರ ‘ಹ’ಕಾರವಾಯಿತು: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಲ್ ಹಲ್ಲಾಯಿತು, ಪೂ ಹೂವಾಯಿತು. ಪಕ್ಕಿ ಹಕ್ಕಿಯಾಯಿತು, ಆದರೆ ಅದರ ರೆಕ್ಕೆಯ ಸದ್ದು ‘ಪಟಪಟ’ವಾಗಿಯೇ ಉಳಿಯಿತು. ಯಾರೂ ಹಟಹಟ ಎನ್ನಲಿಲ್ಲ. ಪಕಪಕ ನಗು, ಪಿಸುಮಾತು ಎಲ್ಲವೂ ಹಾಗೆಯೇ. ಕಿವಿ ದಿನವೂ ಸದ್ದನ್ನು ಕೇಳುತ್ತಿರುವಾಗ ನಿಯಮಕ್ಕಿಂತ ಕಿವಿಯ ಮಾತೇ ನಡೆಯುತ್ತದೆ. ಲ್ಯಾಟಿನ್ನಿನ ‘ಕ’ಕಾರಕ್ಕೆ ಸಂವಾದಿಯಾಗಿ ಇಂಗ್ಲಿಷಿನಲ್ಲಿ ‘ಹ’ಕಾರ ಬರುವುದೂ ಇಂತಹದೇ ನಿಯಮ, ಅಲ್ಲಿನ ಕೊರ್ನು ಇಲ್ಲಿ ಹಾರ್ನ್, ಕೆಂಟಮ್ ಇಲ್ಲಿ ಹಂಡ್ರೆಡ್. ಅದರಂತೆ ಕುಕುಲಸ್‌ಗೆ ಸಂವಾದಿ ‘ಹುಹು’ ಎಂಬಂತಹ ಪದವಾಗಬೇಕಿತ್ತು. ಹಳೆಯ ಇಂಗ್ಲಿಷಿನಲ್ಲಿ ಈ ಹಕ್ಕಿಗೆ ಬೇರೊಂದು ಹೆಸರಿತ್ತು. ಅದು ಸವೆದು ಮರೆಯಾಯಿತು. ಅದರ ದಾಯಾದಿಯಾದ ಹಳೆಯ ನಾರ್ಸ್ ಭಾಷೆಯ ಪದ ಸ್ಕಾಟ್ಲೆಂಡಿನಲ್ಲಿ ‘ಗೌಕ್’ ಎಂದು ಉಳಿದುಕೊಂಡು ಹಕ್ಕಿಯನ್ನೂ ಮೂರ್ಖನನ್ನೂ ಸೂಚಿಸತೊಡಗಿತು. ಉಳಿದ ಕಡೆ ಫ್ರೆಂಚಿನಿಂದ ಹೊಸದಾಗಿ ‘ಕುಕ್ಕೂ’ವನ್ನು ತರಿಸಿಕೊಂಡರು. ಸವೆದ ಪದದಲ್ಲಿ ಹಕ್ಕಿಯ ದನಿ ಕೇಳಿಸದಾದಾಗ ಜನ ಮತ್ತೆ ಕೇಳಿಸುವ ಪದವನ್ನು ಹುಡುಕಿಕೊಳ್ಳುತ್ತಾರೆ.

ಎಲ್ಲ ಪದಗಳಿಗೂ ಈ ಮರುಹುಟ್ಟು ಸಿಗುವುದಿಲ್ಲ. ಮರಿಹಕ್ಕಿಯ ‘ಪೀ ಪೀ’ ದನಿಯಿಂದ ಲ್ಯಾಟಿನ್ನಿನಲ್ಲಿ ‘ಪಿಪಿಯೊ’ ಎಂಬ ಪದ ಹುಟ್ಟಿತ್ತು. ಅದು ಫ್ರೆಂಚಿನ ಬಾಯಲ್ಲಿ ಸವೆದು ‘ಪಿಜನ್’ ಆಗಿ ಇಂಗ್ಲಿಷಿಗೆ ಬಂತು, ಪಾರಿವಾಳ ಎಂಬ ಅರ್ಥದಲ್ಲಿ. ಈಗ ಅದರಲ್ಲಿ ಪೀ ಪೀ ಇಲ್ಲ, ಪಾರಿವಾಳದ ಗುಟುರೂ ಇಲ್ಲ. ಸ್ವಿಸ್ ಭಾಷಾವಿಜ್ಞಾನಿ ಸೊಸ್ಸೂರ್ ಇದನ್ನೇ ಎತ್ತಿ ತೋರಿಸಿದ: ಅನುಕರಣೆಯಿಂದ ಹುಟ್ಟಿದ ಪದವೂ ಭಾಷೆಯೊಳಗೆ ಸೇರಿದ ಮೇಲೆ ಉಳಿದ ಪದಗಳಂತೆಯೇ ಬದಲಾಗಿ ತನ್ನ ಮೂಲ ಗುಣವನ್ನು ಕಳೆದುಕೊಳ್ಳುತ್ತದೆ.

ಇದರ ಇನ್ನೊಂದು ಮುಖವೂ ಇದೆ: ಸದ್ದಿನಿಂದ ಹುಟ್ಟದೆಯೂ ಸದ್ದಿನಂತೆ ಕೇಳಿಸುವ ಪದಗಳು. ಸಂಸ್ಕೃತದಲ್ಲಿ ‘ಕುಹೂ’ ಎಂದರೆ ಕೋಗಿಲೆಯ ದನಿ. ‘ಕುಹೂ’ ಎಂದರೆ ಚಂದ್ರ ಕಾಣದ ಅಮಾವಾಸ್ಯೆ ಕೂಡ, ವೇದಕಾಲದಿಂದಲೂ ಅದು ಆ ತಿಥಿಯ ದೇವತೆಯ ಹೆಸರು. ಒಂದು ಹಕ್ಕಿಯ ಗಂಟಲಿನಿಂದ ಬಂದದ್ದು, ಇನ್ನೊಂದಕ್ಕೂ ಹಕ್ಕಿಗೂ ಸಂಬಂಧವಿಲ್ಲ. ಶ್ಲೇಷಪ್ರಿಯ ಕವಿಗಳಿಗೆ ಇದು ಹೇಳಿ ಮಾಡಿಸಿದ ಪದ, ಆದರೆ ಪದದ ಮೂಲ ಹುಡುಕುವವರು ಇಂತಹ ಕಡೆಯೇ ಎಡವುವುದು. ಕನ್ನಡದಲ್ಲಿ ಕೂಳು, ಕೂಲಿ, ಕೂದಲು ಎಲ್ಲ ‘ಕೂ’ದಿಂದಲೇ ಶುರುವಾಗುತ್ತವೆ, ಒಂದಕ್ಕೂ ಕೂಗಿಗೂ ನಂಟಿಲ್ಲ. ಕುಕ್ಕರ್ ಮೂರು ಸಲ ಕೂಗುತ್ತದೆ, ಹೆಸರೂ ಕುಕ್ಕೂ ಎಂದಂತೆಯೇ ಇದೆ, ಆದರೂ ಅದು ಬಂದದ್ದು ‘ಬೇಯಿಸು’ ಎಂಬ ಅರ್ಥದ ಲ್ಯಾಟಿನ್ ಪದದಿಂದ.

ಹಾಗಾಗಿ ಕಿವಿಯೊಂದನ್ನೇ ನಂಬುವಂತಿಲ್ಲ. ಪದದ ಅತಿ ಹಳೆಯ ರೂಪ ಏನಿತ್ತು ಎಂದು ನೋಡಬೇಕು, ಆ ಭಾಷೆಯ ಧ್ವನಿನಿಯಮವನ್ನು ಅದು ಮುರಿದಿದೆಯೇ ಎಂದು ನೋಡಬೇಕು, ನಂಟಿಲ್ಲದ ಭಾಷೆಗಳೂ ಅದೇ ಪ್ರಾಣಿಗೆ ಅಂತಹುದೇ ಹೆಸರಿಟ್ಟಿವೆಯೇ ಎಂದು ನೋಡಬೇಕು. ಕೋಗಿಲೆ ಇವುಗಳಲ್ಲಿ ಗೆಲ್ಲುತ್ತದೆ. ಫ್ರೆಂಚಿನಲ್ಲಿ ಚಾವಟಿಗಿರುವ ‘ಫ್ವೆ’ ಎಂಬ ಹೆಸರು ಗೆಲ್ಲುವುದಿಲ್ಲ. ಗಾಳಿಯನ್ನು ಸೀಳುವ ಚಾವಟಿಯ ಸದ್ದೇ ಅದರಲ್ಲಿದೆ ಎನ್ನಿಸುತ್ತದೆ; ಹಿಂದಕ್ಕೆ ಹೋದರೆ ಸಿಗುವುದು ‘ಫಾಗುಸ್’, ಬೀಚ್ ಮರಕ್ಕೆ ಲ್ಯಾಟಿನ್ನಿನ ಹೆಸರು. ಇದನ್ನೂ ಸೊಸ್ಸೂರನೇ ತೋರಿಸಿಕೊಟ್ಟದ್ದು.